ಟವರ್ ಬ್ಯಾಕ್‌ಹಾಲ್ ಖರ್ಚು ಇಳಿಸುವುದು ಹೇಗೆ: ದರ ಕೇಳುವ ಮೊದಲು ಹಾಪ್ ಎಣಿಸಿ

ಸೆಲ್ ಸೈಟ್‌ನಿಂದ ಸ್ವಿಚ್ ಕೇಂದ್ರದವರೆಗೆ ಡೇಟಾ ಸಾಗಿಸುವ ದಾರಿಯೇ ಬ್ಯಾಕ್‌ಹಾಲ್. ಖರ್ಚು ಕಡಿಮೆ ಮಾಡಿ ಎಂಬ ಸೂಚನೆ ಬಂದ ಕೂಡಲೇ ಹೆಚ್ಚಿನ ತಂಡಗಳು ಲೀಸ್ಡ್ ಲೈನ್ ಕೊಟ್ಟವರ ಜೊತೆ ದರದ ಚೌಕಾಶಿಗೆ ಕೂರುತ್ತವೆ. ಅದೂ ಬೇಕು, ಆದರೆ ಅಲ್ಲಿ ಸಿಗುವ ಉಳಿತಾಯ ಒಂದು ಸಲದ್ದು. ದೊಡ್ಡ ಮೊತ್ತ ಸೋರುವುದು ಬೇರೆ ಕಡೆ. ಒಂದು ಮೆಗಾಬಿಟ್ ಎಷ್ಟು ಹಾಪ್ (ಒಂದು ಸೈಟ್‌ನಿಂದ ಮುಂದಿನದಕ್ಕೆ ಒಂದು ಜಿಗಿತ) ದಾಟುತ್ತಿದೆ, ಪ್ರತಿ ಹಾಪ್‌ಗೂ ಎಷ್ಟು ಗಾತ್ರ ಕೊಟ್ಟಿದ್ದೇವೆ, ಯಾವ ಹಾಪ್‌ಗೆ ಅನಗತ್ಯ ಭದ್ರತೆ (ಒಂದು ಕೆಟ್ಟರೆ ಇರಲೆಂಬ ಮೀಸಲು) ತುಂಬಿದ್ದೇವೆ ಎಂಬುದರಲ್ಲಿ. ಈ ಬರಹ ಟ್ರಾನ್ಸ್‌ಮಿಷನ್ ಪ್ಲಾನಿಂಗ್‌ನವರಿಗೆ, ಫೀಲ್ಡ್ ಎಂಜಿನಿಯರ್‌ಗಳಿಗೆ ಮತ್ತು ಟವರ್‌ಗಳಿಗೆ ಫೈಬರ್ ಒದಗಿಸುವ ಸ್ಥಳೀಯ ಐಎಸ್‌ಪಿಗಳಿಗೆ.

ಮೊದಲು ಬಿಲ್ ಮತ್ತು ಪೋರ್ಟ್ ತಾಳೆ ನೋಡಿ

ಒಂದು ಪೈಸೆ ಬಂಡವಾಳವಿಲ್ಲದೆ ಉಳಿತಾಯ ಸಿಗುವ ಜಾಗ ಇದು. ಕಳೆದ 3 ತಿಂಗಳ ಎಲ್ಲ ಲೀಸ್ ಬಿಲ್‌ಗಳಿಂದ ಸರ್ಕ್ಯೂಟ್ ಸಂಖ್ಯೆಗಳನ್ನು ಒಂದು ಹಾಳೆಗೆ ಇಳಿಸಿ. ಪ್ರತಿ ಸಂಖ್ಯೆಯ ಎದುರು ಅದು ಕೂತಿರುವ ರೂಟರ್, ಪೋರ್ಟ್, ಆ ಪೋರ್ಟ್‌ನ ಕೌಂಟರ್‌ನಲ್ಲಿ 30 ದಿನದಲ್ಲಿ ಹರಿದ ಬೈಟ್ ಬರೆಯಿರಿ. ಪೋರ್ಟ್ ಸಿಗದ ಸರ್ಕ್ಯೂಟ್, ಪೋರ್ಟ್ ಇದ್ದೂ ಬೈಟ್ ಇಲ್ಲದ ಸರ್ಕ್ಯೂಟ್, ಇವೆರಡನ್ನೂ ಬೇರೆ ಮಾಡಿ. ಸೈಟ್ ಫೈಬರ್‌ಗೆ ಹೋದ ಮೇಲೂ ಹಳೆಯ ಇ1 ಅಥವಾ 10 ಎಂಬಿಪಿಎಸ್ ಲೈನ್ ಬಿಲ್ ಆಗುತ್ತಲೇ ಇರುವುದು ಈ ಕೆಲಸದಲ್ಲಿ ತೀರಾ ಸಾಮಾನ್ಯ. ಸೈಟ್ ಬದಲಿಸುವ ತಂಡ ಒಂದು, ಲೈನ್ ಸರೆಂಡರ್ ಪತ್ರ ಬರೆಯುವ ತಂಡ ಇನ್ನೊಂದು ಆಗಿರುವುದೇ ಕಾರಣ.

ಕಡಿತಗೊಳಿಸುವ ಮುನ್ನ ಒಂದು ಎಚ್ಚರ. ಬೈಟ್ ಹರಿಯದ ಇ1 ಕೂಡ ಹಳೆಯ 2ಜಿ ಸೈಟ್‌ಗೆ ಗಡಿಯಾರ ಕೊಡುತ್ತಿರಬಹುದು. 2.048 ಎಂಬಿಪಿಎಸ್‌ನ ಆ ಲೈನ್‌ನಿಂದಲೇ ಬೇಸ್ ಸ್ಟೇಷನ್ ತನ್ನ ಆವರ್ತನವನ್ನು ಹಿಡಿದಿಟ್ಟುಕೊಳ್ಳುತ್ತದೆ. ಲೈನ್ ತೆಗೆದ ದಿನ ಏನೂ ಆಗುವುದಿಲ್ಲ. ಒಳಗಿನ ಆಸಿಲೇಟರ್ ನಿಧಾನಕ್ಕೆ ಜಾರುತ್ತಾ ಹೋಗಿ, ವಾರಗಳ ನಂತರ ಹ್ಯಾಂಡೋವರ್ (ಕರೆಯನ್ನು ಪಕ್ಕದ ಟವರ್‌ಗೆ ದಾಟಿಸುವುದು) ಸೋಲತೊಡಗುತ್ತವೆ. ಆಗ ಇ1 ತೆಗೆದ ವಿಷಯ ಯಾರಿಗೂ ನೆನಪಿರುವುದಿಲ್ಲ. ಬೇಸ್ ಸ್ಟೇಷನ್‌ನ ಕ್ಲಾಕ್ ಮೂಲ ಯಾವುದೆಂದು ನೋಡಿಕೊಂಡೇ ಸರೆಂಡರ್ ಮಾಡಿ.

ಎಷ್ಟು ಬೇಕೆಂದು ಅಳೆಯುವ ಕ್ರಮ

ಮೂರು ಸೆಕ್ಟರ್‌ನ (ಟವರ್ ಸುತ್ತ ಮೂರು ದಿಕ್ಕಿನ ಭಾಗಗಳ) 4ಜಿ ಸೈಟ್ ತೆಗೆದುಕೊಳ್ಳಿ. 20 ಮೆಗಾಹರ್ಟ್ಸ್, ಎರಡು ಆಂಟೆನಾ. ಒಂದು ಸೆಕ್ಟರ್‌ನ ಗರಿಷ್ಠ ವೇಗ 150 ಎಂಬಿಪಿಎಸ್. ಹಾಗಾದರೆ ಸೈಟ್‌ಗೆ 450 ಬೇಕು ಎಂದು ಗುಣಿಸುವುದೇ ಬ್ಯಾಕ್‌ಹಾಲ್‌ನ ಅತಿ ದುಬಾರಿ ಗುಣಾಕಾರ. ಆ 150 ಸಿಗುವುದು ಸೆಕ್ಟರ್‌ನಲ್ಲಿ ಒಬ್ಬನೇ ಬಳಕೆದಾರ ಟವರ್ ಬುಡದಲ್ಲಿ ನಿಂತಾಗ. ಬಿಡುವಿಲ್ಲದ ಹೊತ್ತಿನಲ್ಲಿ ಜನ ಸೆಕ್ಟರ್ ತುಂಬಾ ಹರಡಿರುತ್ತಾರೆ, ದೂರದವರ ಸಿಗ್ನಲ್ ದುರ್ಬಲವಾಗಿರುತ್ತದೆ, ಒಟ್ಟು ವೇಗ ಕುಸಿಯುತ್ತದೆ. ಮೂರೂ ಸೆಕ್ಟರ್ ಒಟ್ಟಿಗೆ ಗರಿಷ್ಠ ಮುಟ್ಟುವ ಗಳಿಗೆ ಬರುವುದೇ ಇಲ್ಲ ಎನ್ನಬಹುದು.

ಮೊಬೈಲ್ ಕಂಪನಿಗಳ ಎನ್‌ಜಿಎಂಎನ್ ಒಕ್ಕೂಟ ಎಲ್‌ಟಿಇ (4ಜಿ) ಕಾಲದಲ್ಲಿ ರೂಢಿಗೆ ತಂದ ನಿಯಮ ಇಂದಿಗೂ ಚೆನ್ನಾಗಿ ನಡೆಯುತ್ತದೆ: ಒಂದು ಸೆಕ್ಟರ್‌ನ ಗರಿಷ್ಠ ವೇಗ ಒಂದು ಕಡೆ, ಎಲ್ಲ ಸೆಕ್ಟರ್‌ಗಳ ಬಿಡುವಿಲ್ಲದ ಹೊತ್ತಿನ ಸರಾಸರಿಯ ಮೊತ್ತ ಇನ್ನೊಂದು ಕಡೆ, ಇವೆರಡರಲ್ಲಿ ದೊಡ್ಡದನ್ನು ತೆಗೆದುಕೊಳ್ಳಿ. ಸರಾಸರಿ ತಲಾ 30 ಎಂದು ನಿಮ್ಮ ಕೌಂಟರ್ ಹೇಳಿದರೆ ಮೊತ್ತ 90, ಗರಿಷ್ಠ 150. ಸೈಟ್‌ಗೆ 150 ಸಾಕು. ಜಿಟಿಪಿ ಮತ್ತು ಈಥರ್ನೆಟ್ ಹೆಡರ್‌ಗಳಿಗೆ (ಪ್ರತಿ ಪ್ಯಾಕೆಟ್‌ಗೆ ಅಂಟಿಸುವ ವಿಳಾಸದ ಚೀಟಿಗಳಿಗೆ) ಸುಮಾರು 10ರಿಂದ 15 ಶೇಕಡಾ ಸೇರಿಸಿ, ಐಪಿಸೆಕ್ ಗೂಢಲಿಪಿ ಹಾಕಿದ್ದರೆ 25 ಶೇಕಡಾವರೆಗೆ. ಇಂಥ 10 ಸೈಟ್ ಸೇರುವ ಹಬ್‌ಗೆ 4,500 ಅಲ್ಲ, 1,500 ಕೂಡ ಅಲ್ಲ. 900ರ ಮೇಲೆ ಹೆಡರ್ ಹೊರೆ, ಅಂದರೆ ಹೆಚ್ಚುಕಡಿಮೆ 1 ಜಿಬಿಪಿಎಸ್.

ಕೌಂಟರ್ ಓದುವಾಗ 15 ನಿಮಿಷದ ಅಂಕಿ ಬಳಸಿ, 4 ವಾರದ ಅಂಕಿಗಳಲ್ಲಿ 95ನೇ ಪರ್ಸೆಂಟೈಲ್ (100ರಲ್ಲಿ 95 ಅಂಕಿಗಳು ಮೀರದ ಮಟ್ಟ) ನೋಡಿ. ಜಾತ್ರೆ, ರಥೋತ್ಸವದ ದಿನಗಳನ್ನು ಬೇರೆ ಇಡಿ. ವರ್ಷಕ್ಕೆ 3 ದಿನದ ಹಂಪಿ ಉತ್ಸವಕ್ಕಾಗಿ ವರ್ಷವಿಡೀ ದುಪ್ಪಟ್ಟು ಲೈನ್ ಇಡುವ ಬದಲು, ತಾತ್ಕಾಲಿಕ ಏರಿಕೆಯ ಷರತ್ತನ್ನು ಲೀಸ್ ಒಪ್ಪಂದದಲ್ಲೇ ಬರೆಸಿಕೊಳ್ಳಿ.

5ಜಿ ಸೈಟ್‌ನಲ್ಲಿ ಲೆಕ್ಕ ಬದಲಾಗುತ್ತದೆ. 100 ಮೆಗಾಹರ್ಟ್ಸ್‌ನ ಒಂದೇ ಸೆಕ್ಟರ್ 1 ಜಿಬಿಪಿಎಸ್ ದಾಟುತ್ತದೆ, ಹಾಗಾಗಿ ಗರಿಷ್ಠವೇ ಗಾತ್ರ ನಿರ್ಧರಿಸುತ್ತದೆ. ಹಳ್ಳಿಯ ಸೈಟ್‌ಗೆ ಆ ಗರಿಷ್ಠವನ್ನು ಪೂರ್ತಿ ಕೊಡಲೇಬೇಕೇ ಎಂಬುದು ಎಂಜಿನಿಯರಿಂಗ್ ಪ್ರಶ್ನೆಯಲ್ಲ, ವ್ಯವಹಾರದ ಪ್ರಶ್ನೆ. ಅದನ್ನು ಸೈಟ್‌ವಾರು ಬರಹದಲ್ಲಿ ತೀರ್ಮಾನಿಸಿಕೊಳ್ಳಿ. ತೀರ್ಮಾನವಿಲ್ಲದ ಕಡೆ ಪ್ಲಾನರ್ ಯಾವಾಗಲೂ ದೊಡ್ಡದನ್ನೇ ಹಾಕುತ್ತಾನೆ.

ಫೈಬರ್ ಎಲ್ಲಿಗೆ ಬರಬೇಕು

ಈ ಇಡೀ ಕೆಲಸದ ಜೀವಾಳ ಇಲ್ಲಿದೆ. ಒಂದು ಹೆದ್ದಾರಿಗುಂಟ 5 ಸೈಟ್, ಒಂದರ ಹಿಂದೆ ಒಂದು, ಕೊನೆಯದು ತಾಲ್ಲೂಕು ಕೇಂದ್ರದ ಎಕ್ಸ್‌ಚೇಂಜ್‌ಗೆ ಕೂಡುತ್ತದೆ ಎಂದುಕೊಳ್ಳಿ. ತುದಿಯ ಹಾಪ್ 1 ಸೈಟ್‌ನ ಹೊರೆ ಹೊರುತ್ತದೆ, ಮುಂದಿನದು 2, ಹೀಗೆ ಎಕ್ಸ್‌ಚೇಂಜ್ ಪಕ್ಕದ ಹಾಪ್ 5. ಒಟ್ಟು 1+2+3+4+5, ಅಂದರೆ 15 ಸೈಟ್‌ನಷ್ಟು ಸಾಮರ್ಥ್ಯವನ್ನು ನೀವು ಕೊಂಡಿದ್ದೀರಿ, ಇರುವ ಸೈಟ್ ಮಾತ್ರ 5.

ಈಗ ನಡುವಿನ ಸೈಟ್‌ಗೆ ಫೈಬರ್ ತನ್ನಿ. ಎರಡೂ ಬದಿಯಿಂದ 1 ಮತ್ತು 2, 1 ಮತ್ತು 2, ಒಟ್ಟು 6. ರೇಡಿಯೊ ಹಾಪ್ 5ರಿಂದ 4ಕ್ಕೆ ಇಳಿಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಅತಿ ಭಾರದ ಹಾಪ್ 5 ಸೈಟ್‌ನಿಂದ 2 ಸೈಟ್‌ಗೆ ಇಳಿಯಿತು. ಸೈಟ್‌ಗೆ 100 ಎಂಬಿಪಿಎಸ್ ಎಂದರೆ 500 ಬೇಕಿದ್ದ ಕಡೆ 200 ಸಾಕು. ಅಷ್ಟನ್ನು 28 ಮೆಗಾಹರ್ಟ್ಸ್‌ನ ಒಂದೇ ಚಾನೆಲ್, 1024 ಕ್ಯಾಮ್ ಮಾಡ್ಯುಲೇಷನ್‌ನಲ್ಲಿ (ಪ್ರತಿ ಸಂಕೇತದಲ್ಲಿ ಹೆಚ್ಚು ಬಿಟ್ ತುಂಬುವ ವಿಧಾನ) ಹೊರುತ್ತದೆ. ಕೆಲವು ಕಿಲೋಮೀಟರ್ ಫೈಬರ್‌ನ ಬಾಡಿಗೆಯನ್ನು ಈ ವ್ಯತ್ಯಾಸದ ಎದುರು ಇಟ್ಟು ನೋಡಿ.

ಕೆಲಸದ ಕ್ರಮ ಹೀಗಿರಲಿ. ತಾಲ್ಲೂಕಿನ ನಕ್ಷೆಯಲ್ಲಿ ಸೈಟ್‌ಗಳನ್ನೂ ಈಗಿನ ಹಾಪ್‌ಗಳನ್ನೂ ಬರೆಯಿರಿ. ಪ್ರತಿ ಹಾಪ್ ಮೇಲೆ ಅದು ಹೊರುವ ಸೈಟ್ ಸಂಖ್ಯೆ ಹಾಕಿ. ಅದೇ ನಕ್ಷೆಯ ಮೇಲೆ ಸಿಗುವ ಎಲ್ಲ ಫೈಬರ್ ಎಳೆಯಿರಿ: ನಿಮ್ಮದು, ಬಿಎಸ್‌ಎನ್‌ಎಲ್‌ನದು, ಗ್ರಾಮ ಪಂಚಾಯಿತಿವರೆಗೆ ಬಂದಿರುವ ಭಾರತ್‌ನೆಟ್, ರೈಲ್‌ಟೆಲ್, ವಿದ್ಯುತ್ ಪ್ರಸರಣ ಮಾರ್ಗದ ಮೇಲಿನದು, ಊರಿನ ಕೇಬಲ್ ಐಎಸ್‌ಪಿಯದು. ಭಾರದ ಸಂಖ್ಯೆ 4 ದಾಟಿದ ಹಾಪ್ ಹತ್ತಿರ ಫೈಬರ್ ಎಲ್ಲಿ ಹಾದಿದೆ ನೋಡಿ. ಅಲ್ಲೇ ಹೊಸ ಹಬ್. ಯಾವ ಸೈಟೂ ಫೈಬರ್‌ನಿಂದ 2 ರೇಡಿಯೊ ಹಾಪ್‌ಗಿಂತ ದೂರ ಇರಬಾರದೆಂಬ ಗುರಿ ಇಟ್ಟುಕೊಂಡರೆ ಉಳಿದ ಬಹಳಷ್ಟು ತೀರ್ಮಾನಗಳು ತಾವಾಗಿ ಸರಿಹೋಗುತ್ತವೆ. ದಟ್ಟಣೆ ಹೆಚ್ಚಿರುವ ಸೈಟ್‌ಗೇ ಮೊದಲು ಫೈಬರ್ ಕೊಡುವ ರೂಢಿಯಿದೆ. ಕೊಡಬೇಕಾದ್ದು ಹೆಚ್ಚು ಸೈಟ್‌ಗಳ ಹೊರೆ ಹಾದುಹೋಗುವ ಸೈಟ್‌ಗೆ.

ಮೈಕ್ರೋವೇವ್: ಕ್ಯಾರಿಯರ್ ಕೊಳ್ಳುವ ಮೊದಲು

ಭಾರತದಲ್ಲಿ 13, 15, 18, 21 ಗಿಗಾಹರ್ಟ್ಸ್ ಬ್ಯಾಂಡ್‌ಗಳಲ್ಲಿ ಬ್ಯಾಕ್‌ಹಾಲ್ ಕ್ಯಾರಿಯರ್‌ಗಳು (ಬಳಸಲು ಕೊಡುವ ಆವರ್ತನದ ತುಂಡುಗಳು) 28 ಮೆಗಾಹರ್ಟ್ಸ್ ಜೋಡಿಗಳಾಗಿ, ಇಡೀ ಸರ್ಕಲ್‌ಗೆ ಸಿಗುತ್ತಾ ಬಂದಿವೆ. ಅದರ ಶುಲ್ಕ ಆ ಸರ್ಕಲ್‌ನ ಹೊಂದಾಣಿಕೆ ಮಾಡಿದ ಒಟ್ಟು ಆದಾಯದ ಶೇಕಡಾವಾರು. ಕ್ಯಾರಿಯರ್ ಸಂಖ್ಯೆ ಏರಿದಂತೆ ಶೇಕಡಾವಾರೂ ಏರುತ್ತದೆ. ಇದರ ಅರ್ಥ ಗಮನಿಸಿ. ಬೆಂಗಳೂರಿನ ನಾಲ್ಕಾರು ಹಬ್ ತುಂಬಿತೆಂದು ಇನ್ನೊಂದು ಕ್ಯಾರಿಯರ್ ತೆಗೆದುಕೊಂಡರೆ, ಬೀದರ್‌ನಿಂದ ಚಾಮರಾಜನಗರದವರೆಗಿನ ಆದಾಯದ ಮೇಲೆ ಶುಲ್ಕ ಕಟ್ಟುತ್ತೀರಿ. ಹಾಗಾಗಿ ಇರುವ ಕ್ಯಾರಿಯರ್‌ನಿಂದ ಕೊನೆಯ ಬಿಟ್‌ವರೆಗೆ ಹಿಂಡುವುದೇ ಮೊದಲ ಕೆಲಸ.

ಅದಕ್ಕೆ ಅತ್ಯುತ್ತಮ ಸಾಧನ ಎಕ್ಸ್‌ಪಿಕ್. ಒಂದೇ ಚಾನೆಲ್‌ನಲ್ಲಿ ಲಂಬ ಮತ್ತು ಅಡ್ಡ ಧ್ರುವೀಕರಣಗಳೆರಡನ್ನೂ (ಅಲೆ ಕಂಪಿಸುವ ದಿಕ್ಕುಗಳು) ಬಳಸಿ ಸಾಮರ್ಥ್ಯ ದುಪ್ಪಟ್ಟು ಮಾಡುತ್ತದೆ. ಬೇಕಾಗುವುದು ಡ್ಯುಯಲ್ ಪೋಲ್ ಡಿಶ್, ಎರಡನೇ ರೇಡಿಯೊ, ಲೈಸೆನ್ಸ್ ಕೀ. ಸೋಲುವುದು ಅಲೈನ್‌ಮೆಂಟ್‌ನಲ್ಲಿ: ಡಿಶ್ ತನ್ನ ಅಕ್ಷದ ಸುತ್ತ ಒಂದೆರಡು ಡಿಗ್ರಿ ತಿರುಗಿದ್ದರೂ ಒಂದು ಧ್ರುವದ ಸಿಗ್ನಲ್ ಇನ್ನೊಂದಕ್ಕೆ ಸೋರುತ್ತದೆ. ಒಂದೇ ಕಡೆ ರೇಡಿಯೊ ಆನ್ ಮಾಡಿ, ಎದುರಿನ ಡಿಶ್‌ನ ಎರಡೂ ಪೋರ್ಟ್‌ಗಳ ಮಟ್ಟ ಅಳೆಯಿರಿ. ವ್ಯತ್ಯಾಸ 25 ಡಿಬಿಗಿಂತ (ಸಿಗ್ನಲ್ ಬಲದ ಅಳತೆ ಡೆಸಿಬೆಲ್) ಕಡಿಮೆ ಇದ್ದರೆ ಫೀಡ್ ತಿರುಗಿಸಿ ಸರಿಮಾಡದೆ ಕೆಳಗಿಳಿಯಬೇಡಿ.

ಎರಡನೆಯದು ಲಭ್ಯತೆಯ ಲೆಕ್ಕ. ಎಲ್ಲ ಡೇಟಾಕ್ಕೂ 99.99 ಶೇಕಡಾ ಲಭ್ಯತೆ ಬೇಕೆಂದು ಪ್ಲಾನ್ ಮಾಡಿದರೆ, ವರ್ಷಕ್ಕೆ 53 ನಿಮಿಷದ ಮಳೆಗಾಗಿ ದೊಡ್ಡ ಡಿಶ್ ಕೊಳ್ಳುತ್ತೀರಿ. ಅಡಾಪ್ಟಿವ್ ಮಾಡ್ಯುಲೇಷನ್ (ಸಿಗ್ನಲ್ ಕುಗ್ಗಿದಾಗ ವೇಗ ಇಳಿಸಿ ಲಿಂಕ್ ಉಳಿಸುವ ಸೌಲಭ್ಯ) ಇರುವಾಗ ಇದು ಬೇಡ. ಕೆಳಗಿನ ಕ್ಯೂಪಿಎಸ್‌ಕೆ ಮಟ್ಟಕ್ಕೆ 99.99 ಇಡಿ, ಮೇಲಿನ 1024 ಕ್ಯಾಮ್‌ಗೆ 99.9 ಅಥವಾ 99.5 ಸಾಕೆನ್ನಿ. 28 ಮೆಗಾಹರ್ಟ್ಸ್‌ನಲ್ಲಿ ಕ್ಯೂಪಿಎಸ್‌ಕೆ ಸುಮಾರು 40 ಎಂಬಿಪಿಎಸ್ ಕೊಡುತ್ತದೆ. ಒಂದು ವೋಲ್ಟೆ (4ಜಿ ಧ್ವನಿ) ಕರೆ ಎಲ್ಲ ಹೆಡರ್ ಸೇರಿ 80 ಕೆಬಿಪಿಎಸ್ ಎಂದಿಟ್ಟರೂ 100 ಕರೆಗೆ 8 ಎಂಬಿಪಿಎಸ್. ಅಂದರೆ ವರ್ಷದ ಆ 53 ನಿಮಿಷ ಬಿಟ್ಟರೆ ಮಳೆಯಲ್ಲೂ ಮಾತು, ಸಿಗ್ನಲಿಂಗ್ ಉಳಿಯುತ್ತವೆ. ವಿಡಿಯೊ ಮಾತ್ರ ಸ್ವಲ್ಪ ಹೊತ್ತು ನಿಧಾನ. ಈ ಒಂದು ಬದಲಾವಣೆಯಿಂದ 1.2 ಮೀಟರ್ ಡಿಶ್ ಬೇಕಿದ್ದ ಹಲವೆಡೆ 0.6 ಮೀಟರ್ ಸಾಕಾಗುತ್ತದೆ. ಗೇನ್ ನಷ್ಟ ಪ್ರತಿ ಡಿಶ್‌ಗೆ 6 ಡಿಬಿ, ಗಾಳಿಯ ಒತ್ತಡ ನಾಲ್ಕನೇ ಒಂದು ಭಾಗ. ಟವರ್ ಕಂಪನಿಗಳು ಡಿಶ್ ಗಾತ್ರಕ್ಕೆ ತಕ್ಕಂತೆ ಬಾಡಿಗೆ ಕೇಳುವುದರಿಂದ ಈ ಉಳಿತಾಯ ತಿಂಗಳು ತಿಂಗಳೂ ಬರುತ್ತದೆ.

ಮಳೆಯ ಲೆಕ್ಕವನ್ನು ಜಾಗಕ್ಕೆ ತಕ್ಕಂತೆ ಮಾಡಿ. 15 ಗಿಗಾಹರ್ಟ್ಸ್‌ನಲ್ಲಿ ಗಂಟೆಗೆ 100 ಮಿ.ಮೀ. ಸುರಿದರೆ ಲಂಬ ಧ್ರುವೀಕರಣಕ್ಕೆ ಕಿಲೋಮೀಟರ್‌ಗೆ ಸುಮಾರು 6 ಡಿಬಿ, ಅಡ್ಡಕ್ಕೆ ಸುಮಾರು 8 ಡಿಬಿ ನಷ್ಟ. ಒಂದೇ ಧ್ರುವ ಬಳಸುವ ಉದ್ದ ಹಾಪ್‌ಗೆ ಲಂಬವನ್ನೇ ಆರಿಸಿ. ಇದಕ್ಕೆ ಖರ್ಚೇ ಇಲ್ಲ. ಕರಾವಳಿ, ಮಲೆನಾಡಿನಲ್ಲಿ ಮಳೆಯೇ ಹಾಪ್‌ನ ಉದ್ದ ನಿರ್ಧರಿಸುತ್ತದೆ. ರಾಯಚೂರು, ಕಲಬುರಗಿ ಕಡೆ ತೊಂದರೆ ಬೇರೆ: ಬಯಲಿನ ಮೇಲೆ ಗಾಳಿ ನಿಂತ ರಾತ್ರಿ, ನಸುಕಿನಲ್ಲಿ ಮಲ್ಟಿಪಾತ್ ಫೇಡಿಂಗ್, ಅಂದರೆ ಒಂದೇ ಸಿಗ್ನಲ್ ಹಲವು ದಾರಿಯಲ್ಲಿ ಬಂದು ತನ್ನನ್ನೇ ಕುಗ್ಗಿಸುವುದು. ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗೆ ನೀರು ಕಟ್ಟಿದಾಗ ಇಡೀ ಬಯಲು ಕನ್ನಡಿಯಾಗಿ ಸಿಗ್ನಲ್ ಪ್ರತಿಫಲಿಸುತ್ತದೆ. ಅಲ್ಲಿ ದೊಡ್ಡ ಡಿಶ್ ಹಾಕಿ ದುಡ್ಡು ಸುರಿಯುವ ಮುನ್ನ ಒಂದು ಕಡೆಯ ಡಿಶ್ ಎತ್ತರ ಬದಲಿಸಿ ನೋಡಿ. ಪ್ರತಿಫಲನದ ಬಿಂದು ಗದ್ದೆಯಿಂದ ದಿಬ್ಬಕ್ಕೋ ಊರಿನ ಮೇಲಕ್ಕೋ ಸರಿದರೆ ಕೆಲಸ ಮುಗಿಯಿತು.

ದೃಷ್ಟಿರೇಖೆ ಕಾಣಿಸಿದ ಮಾತ್ರಕ್ಕೆ ಹಾಪ್ ಸರಿ ಎನ್ನಬೇಡಿ. 15 ಗಿಗಾಹರ್ಟ್ಸ್, 20 ಕಿ.ಮೀ. ಹಾಪ್‌ನ ನಡುಮಧ್ಯೆ ಫ್ರೆನೆಲ್ ವಲಯದ (ಸಿಗ್ನಲ್ ಹರಡಿಕೊಂಡು ಸಾಗುವ ಜಾಗದ) ತ್ರಿಜ್ಯ 10 ಮೀಟರ್. ಅದರ 60 ಶೇಕಡಾ, ಅಂದರೆ 6 ಮೀಟರ್, ಖಾಲಿ ಇರಬೇಕು. ಭೂಮಿಯ ಉಬ್ಬು ಅಲ್ಲಿ ಇನ್ನೂ 6 ಮೀಟರ್ ತಿನ್ನುತ್ತದೆ. ದೃಷ್ಟಿರೇಖೆ ಅಡ್ಡ ಬರುವ ಮರದ ತುದಿಯಿಂದ ಕಡೇಪಕ್ಷ 12 ಮೀಟರ್ ಮೇಲಿರಬೇಕು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಸಿಲ್ವರ್ ಓಕ್ ಬೇಗ ಎತ್ತರಕ್ಕೆ ಬೆಳೆಯುವ ಮರ. ಇವತ್ತಿನ ಎತ್ತರಕ್ಕೆ ಪ್ಲಾನ್ ಮಾಡಿದ ಹಾಪ್ ಕೆಲವೇ ವರ್ಷದಲ್ಲಿ ಪ್ರತಿ ಮಳೆಗಾಲಕ್ಕೂ ಸ್ವಲ್ಪ ಸ್ವಲ್ಪ ಕುಗ್ಗುತ್ತಾ ಹೋಗುತ್ತದೆ. ದೋಷ ರೇಡಿಯೊದಲ್ಲಿದೆಯೆಂದು ಬೋರ್ಡ್ ಬದಲಿಸುತ್ತಾ ಕೂರುವುದು ಆಗಲೇ.

ಹೆಡರ್ ಕಂಪ್ರೆಷನ್ ಕೀ ಕೊಳ್ಳುವಾಗ ಎಚ್ಚರ. ತಯಾರಕರು ತೋರಿಸುವ ದೊಡ್ಡ ಅಂಕಿ 64 ಬೈಟ್ ಪ್ಯಾಕೆಟ್‌ಗಳದ್ದು. ಮೊಬೈಲ್ ಡೇಟಾದ ಬಹುಪಾಲು ದೊಡ್ಡ ಪ್ಯಾಕೆಟ್, ಅಲ್ಲಿ ಲಾಭ ಅಲ್ಪ. ಐಪಿಸೆಕ್ ಇದ್ದರೆ ಒಳಗಿನ ಹೆಡರ್ ರೇಡಿಯೊಗೆ ಕಾಣುವುದೇ ಇಲ್ಲ.

ಇ-ಬ್ಯಾಂಡ್: ಅಗಲ ಅಗ್ಗ, ದೂರ ದುಬಾರಿ

2022ರ ಜೂನ್‌ನಲ್ಲಿ 5ಜಿ ಹರಾಜಿಗೆ ಒಪ್ಪಿಗೆ ಕೊಟ್ಟಾಗಲೇ ಕೇಂದ್ರ ಸಂಪುಟ ಸಾಂಪ್ರದಾಯಿಕ ಬ್ಯಾಂಡ್‌ಗಳ ಕ್ಯಾರಿಯರ್ ಸಂಖ್ಯೆಯನ್ನು ದುಪ್ಪಟ್ಟು ಮಾಡಲು, ಇ-ಬ್ಯಾಂಡ್‌ನಲ್ಲಿ (80 ಗಿಗಾಹರ್ಟ್ಸ್ ಸುತ್ತಲಿನ ಬ್ಯಾಂಡ್) ತಲಾ 250 ಮೆಗಾಹರ್ಟ್ಸ್‌ನ 2 ಕ್ಯಾರಿಯರ್‌ಗಳನ್ನು ತಾತ್ಕಾಲಿಕವಾಗಿ ಕೊಡಲು ತೀರ್ಮಾನಿಸಿತು. ಒಂದು 250 ಮೆಗಾಹರ್ಟ್ಸ್ ಚಾನೆಲ್ 256 ಕ್ಯಾಮ್‌ನಲ್ಲಿ ಸುಮಾರು 1.5 ಜಿಬಿಪಿಎಸ್ ಹೊರುತ್ತದೆ. ನಗರದ 5ಜಿ ಸೈಟ್‌ಗೆ, ರಸ್ತೆ ಅಗೆಯಲು ಅನುಮತಿ ಸಿಗದ ಕಡೆ, ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಆದರೆ 80 ಗಿಗಾಹರ್ಟ್ಸ್‌ನಲ್ಲಿ ಮಳೆ ನಿರ್ದಯಿ. ಗಂಟೆಗೆ 50 ಮಿ.ಮೀ.ಗೆ ಕಿಲೋಮೀಟರ್‌ಗೆ ಸುಮಾರು 19 ಡಿಬಿ, 100 ಮಿ.ಮೀ.ಗೆ 31 ಡಿಬಿ. ಮಂಗಳೂರಿನಲ್ಲಿ 1.5 ಕಿ.ಮೀ. ಹಾಪ್ ಎಂದಿಟ್ಟುಕೊಳ್ಳಿ. ಬಯಲು ನಷ್ಟ (ಮಳೆಯಿಲ್ಲದಾಗಲೂ ದೂರದಿಂದ ಆಗುವುದು) 134 ಡಿಬಿ. ಕಳಿಸುವ ಶಕ್ತಿ 16 ಡಿಬಿಎಂ, 0.3 ಮೀಟರ್ ಡಿಶ್‌ಗಳ ಗೇನ್ ತಲಾ 43 ಡಿಬಿಐ ಆದರೆ ಮುಟ್ಟುವ ಮಟ್ಟ ಮೈನಸ್ 32. ಕ್ಯೂಪಿಎಸ್‌ಕೆ ಸುಮಾರು ಮೈನಸ್ 75ರವರೆಗೆ ಬದುಕುತ್ತದೆ, ಅಂದರೆ ಮಾರ್ಜಿನ್ 43 ಡಿಬಿ. 100 ಮಿ.ಮೀ. ಮಳೆ ಕಸಿಯುವುದು 46. ಹಾಪ್ ಬೀಳುತ್ತದೆ. 0.6 ಮೀಟರ್ ಡಿಶ್ ಹಾಕಿದರೆ ಎರಡೂ ಕಡೆ ಸೇರಿ 14 ಡಿಬಿ ಹೆಚ್ಚು, ಉಳಿಯುತ್ತದೆ. ಆಗ ಒಣ ದಿನದ ಮಟ್ಟ ಮೈನಸ್ 18ಕ್ಕೆ ಏರಿ ರಿಸೀವರ್ ತುಂಬಿಹೋಗಬಹುದು. ತಾನಾಗಿ ಶಕ್ತಿ ಇಳಿಸುವ ಎಟಿಪಿಸಿ ಆನ್ ಇರಲಿ. ಇನ್ನೊಂದು: 0.6 ಮೀಟರ್ ಡಿಶ್‌ನ ಕಿರಣ ಅರ್ಧ ಡಿಗ್ರಿಯಷ್ಟೇ ಅಗಲ. ಮಹಡಿ ಮೇಲಿನ ತೆಳು ಪೋಲ್ ಗಾಳಿಗೆ ತೂಗಿದರೆ ಮಳೆಯಿಲ್ಲದೆಯೂ ಹಾಪ್ ಕಡಿಯುತ್ತದೆ. ಪೋಲ್ ಗಟ್ಟಿ ಇಲ್ಲದ ಕಡೆ 0.3 ಮೀಟರ್ ಇಟ್ಟು ದೂರವನ್ನೇ ಕಡಿಮೆ ಮಾಡಿ.

ಉದ್ದ ಬೇಕಾದ ಕಡೆ ಇ-ಬ್ಯಾಂಡ್ ಮತ್ತು 15 ಅಥವಾ 18 ಗಿಗಾಹರ್ಟ್ಸ್ ಎರಡನ್ನೂ ಒಂದೇ ಮಲ್ಟಿಬ್ಯಾಂಡ್ ಡಿಶ್‌ನಲ್ಲಿ ಜೋಡಿಸಿ. ಬಿಸಿಲಲ್ಲಿ ಅಗಲದ ದಾರಿ, ಜಡಿಮಳೆಯಲ್ಲಿ ಕಿರಿದಾದರೂ ಕಡಿಯದ ದಾರಿ, ಟವರ್ ಮೇಲೆ ಡಿಶ್ ಒಂದೇ.

2018ರಲ್ಲಿ ಲೈಸೆನ್ಸ್‌ಮುಕ್ತವಾದ 5 ಗಿಗಾಹರ್ಟ್ಸ್ ರೇಡಿಯೊಗಳು ಅಗ್ಗವೆಂದು 4ಜಿ ಟಿಡಿಡಿ (ಒಂದೇ ಆವರ್ತನದಲ್ಲಿ ಸರದಿಯಂತೆ ಕಳಿಸಿ ಪಡೆಯುವ ಕ್ರಮ) ಅಥವಾ 5ಜಿ ಸೈಟ್‌ಗೆ ಹಾಕಬೇಡಿ. ಪಕ್ಕದ ವೈಫೈ ಗದ್ದಲ ಒಂದು ಕಡೆ. ಪ್ಯಾಕೆಟ್ ವಿಳಂಬ ಏರಿಳಿದು ಪಿಟಿಪಿ (ಪ್ಯಾಕೆಟ್ ಮೂಲಕ ಸಮಯ ಹೊಂದಿಸುವ) ಗಡಿಯಾರ ಕೆಡುವುದು ಅದಕ್ಕಿಂತ ದೊಡ್ಡ ತೊಂದರೆ.

ಫೈಬರ್ ಕೋರ್ ಎಣಿಕೆ

ಡಾರ್ಕ್ ಫೈಬರ್ (ಉಪಕರಣವಿಲ್ಲದ ಬರೀ ಎಳೆ) ಬಾಡಿಗೆ ಕೋರ್ ಲೆಕ್ಕದಲ್ಲಿ ಇರುವ ಕಡೆ, ಎರಡು ಕೋರ್ ಬಳಸುವ ಸಾಮಾನ್ಯ ಎಸ್‌ಎಫ್‌ಪಿ (ಪೋರ್ಟ್‌ಗೆ ಸಿಕ್ಕಿಸುವ ಬೆಳಕಿನ ಮಾಡ್ಯೂಲ್) ಬದಲು ಬೈಡೈ ಎಸ್‌ಎಫ್‌ಪಿ ಹಾಕಿ. 10 ಜಿಬಿಪಿಎಸ್‌ನಲ್ಲಿ ಒಂದು ತುದಿ 1270 ನ್ಯಾನೋಮೀಟರ್‌ನಲ್ಲಿ ಕಳಿಸಿದರೆ ಇನ್ನೊಂದು 1330ರಲ್ಲಿ. ಒಂದೇ ಕೋರ್ ಸಾಕು. ಎರಡೂ ತುದಿಗೆ ಒಂದೇ ನಮೂನೆ ಹಾಕಿದರೆ ಲಿಂಕ್ ಏಳುವುದಿಲ್ಲ, ಸ್ಟೋರ್‌ನಲ್ಲಿ ಜೋಡಿಯಾಗಿಯೇ ಕಟ್ಟಿಡಿ. ಗಡಿಯಾರಕ್ಕೂ ಇದರಿಂದ ದೊಡ್ಡ ಲಾಭ. ಎರಡು ಕೋರ್‌ಗಳ ಉದ್ದದಲ್ಲಿ 1 ಕಿ.ಮೀ. ವ್ಯತ್ಯಾಸವಿದ್ದರೆ ಹೋಗುವ, ಬರುವ ವಿಳಂಬದಲ್ಲಿ 5 ಮೈಕ್ರೋಸೆಕೆಂಡ್ ಅಂತರ ಬಿದ್ದು ಪಿಟಿಪಿ ಸಮಯ 2.5 ಮೈಕ್ರೋಸೆಕೆಂಡ್ ತಪ್ಪುತ್ತದೆ. ಟಿಡಿಡಿಗೆ ಇರುವ ಒಟ್ಟು ಮಿತಿಯೇ 1.5. ಒಂದೇ ಕೋರ್‌ನಲ್ಲಿ ಈ ತಪ್ಪಿಗೆ ಜಾಗವೇ ಇಲ್ಲ.

ಒಂದೇ ದಾರಿಯಲ್ಲಿ ಹಲವು ಸೈಟ್ ಇದ್ದರೆ ಇನ್ನೊಂದು ಕೋರ್ ಕೇಳುವ ಮೊದಲು ಸಿಡಬ್ಲ್ಯುಡಿಎಂ ಮಕ್ಸ್ (ಒಂದೇ ಕೋರ್‌ನಲ್ಲಿ ಹಲವು ಬಣ್ಣದ ಬೆಳಕು ಸೇರಿಸುವ ಸಾಧನ) ನೋಡಿ. 20 ನ್ಯಾನೋಮೀಟರ್ ಅಂತರದ ಬಣ್ಣಗಳು, ವಿದ್ಯುತ್ ಬೇಡದ ಡಬ್ಬಿ. ನಷ್ಟದ ಲೆಕ್ಕ ಸರಳ: 1310ರಲ್ಲಿ ಕಿಲೋಮೀಟರ್‌ಗೆ 0.35 ಡಿಬಿ, 1550ರಲ್ಲಿ 0.22, ಪ್ರತಿ ಸ್ಪ್ಲೈಸ್‌ಗೆ 0.1, ಪ್ರತಿ ಕನೆಕ್ಟರ್‌ಗೆ 0.5, ಮೇಲೆ 3 ಡಿಬಿ ರಿಪೇರಿಯ ಮೀಸಲು. ಕಡಿತ ಹೆಚ್ಚಿರುವ ರಸ್ತೆ ಅಗಲೀಕರಣದ ದಾರಿಯಲ್ಲಿ ಆ ಮೀಸಲನ್ನು ಕಡಿಮೆ ಮಾಡಲೇಬೇಡಿ.

ರಿಂಗ್ (ಎರಡು ಬೇರೆ ದಾರಿಯ ಸುತ್ತು) ಎಂದು ಹೇಳಿ ಬಾಡಿಗೆ ಕೇಳಿದರೆ ಒಟಿಡಿಆರ್ ಗ್ರಾಫ್ (ಫೈಬರ್ ಉದ್ದಕ್ಕೂ ಜೋಡಣೆ, ನಷ್ಟ ತೋರಿಸುವುದು) ಎರಡೂ ಬದಿಯಿಂದ ಕೇಳಿ ಪಡೆಯಿರಿ. ಎರಡು 'ಬೇರೆ' ದಾರಿಗಳಲ್ಲಿ ಸ್ಪ್ಲೈಸ್‌ಗಳು ಒಂದೇ ದೂರದಲ್ಲಿ ಕಂಡರೆ ಅವು ಒಂದೇ ಗುಂಡಿಯಲ್ಲಿವೆ. ಒಂದು ಜೆಸಿಬಿ ಎರಡನ್ನೂ ಕತ್ತರಿಸುತ್ತದೆ, ನೀವು ಎರಡರ ಬಾಡಿಗೆ ಕಟ್ಟಿರುತ್ತೀರಿ. ಸ್ವಂತ ಅಗೆತಕ್ಕೆ ಇಳಿಯುವವರು 2025ರ ಜನವರಿ 1ರಿಂದ ಜಾರಿಯಾದ ದೂರಸಂಪರ್ಕ ಮಾರ್ಗ ಹಕ್ಕು ನಿಯಮಗಳನ್ನು ಓದಿಕೊಂಡೇ ಸ್ಥಳೀಯ ಸಂಸ್ಥೆಯ ಡಿಮ್ಯಾಂಡ್ ನೋಟ್ ಪರಿಶೀಲಿಸಿ.

ಬೇಸ್‌ಬ್ಯಾಂಡ್ ಘಟಕಗಳನ್ನು ಒಂದೆಡೆ ಕೂಡಿಸಿ ಸೈಟ್‌ನಲ್ಲಿ ರೇಡಿಯೊ ಮಾತ್ರ ಉಳಿಸುವ ಯೋಜನೆ ಬಂದರೆ ಈ ಅಂಕಿ ಮುಂದಿಡಿ: 20 ಮೆಗಾಹರ್ಟ್ಸ್, ಎರಡು ಆಂಟೆನಾದ ಒಂದು ಸೆಕ್ಟರ್‌ಗೆ ಸಿಪಿಆರ್‌ಐ (ರೇಡಿಯೊ ಮತ್ತು ಬೇಸ್‌ಬ್ಯಾಂಡ್ ನಡುವಿನ ಸಂಪರ್ಕ) 2.4576 ಜಿಬಿಪಿಎಸ್ ಕೇಳುತ್ತದೆ, ನಡುರಾತ್ರಿ ಒಬ್ಬ ಬಳಕೆದಾರನೂ ಇಲ್ಲದಿದ್ದಾಗಲೂ. ಅದೇ ಸೆಕ್ಟರ್‌ನ ಬ್ಯಾಕ್‌ಹಾಲ್ ಗರಿಷ್ಠ 150 ಎಂಬಿಪಿಎಸ್. ಸ್ವಂತ ಡಾರ್ಕ್ ಫೈಬರ್ ಇದ್ದರೆ ಸರಿ. ಬ್ಯಾಂಡ್‌ವಿಡ್ತ್ ಬಾಡಿಗೆಗೆ ಪಡೆಯುವ ಕಡೆ ಖಂಡಿತ ಬೇಡ.

ಎಂಟಿಯು ಮತ್ತು ಶೇಪಿಂಗ್: ಕಾಣದ ಸೋರಿಕೆ

ಫೋನ್‌ನಿಂದ ಬಂದ 1,500 ಬೈಟ್ ಪ್ಯಾಕೆಟ್‌ಗೆ ಐಪಿ 20, ಯುಡಿಪಿ 8, ಜಿಟಿಪಿ 8 ಸೇರಿ 1,536 ಆಗುತ್ತದೆ. ದಾರಿಯಲ್ಲಿ ಒಂದೇ ಒಂದು ಉಪಕರಣದ ಎಂಟಿಯು (ಒಮ್ಮೆಗೆ ದಾಟುವ ಪ್ಯಾಕೆಟ್‌ನ ಗರಿಷ್ಠ ಗಾತ್ರ) 1,500ಕ್ಕೆ ನಿಂತಿದ್ದರೂ ಪ್ರತಿ ದೊಡ್ಡ ಪ್ಯಾಕೆಟ್ ಎರಡಾಗಿ ಒಡೆಯುತ್ತದೆ. ಪ್ಯಾಕೆಟ್ ಸಂಖ್ಯೆ ದುಪ್ಪಟ್ಟು, ರೂಟರ್ ಸಿಪಿಯು ಬಿಸಿ, ವೇಗ ಕುಸಿತ. ಆಗ 'ಲಿಂಕ್ ಚಿಕ್ಕದು' ಎಂದು ಅಪ್‌ಗ್ರೇಡ್ ಆರ್ಡರ್ ಹೊರಡುತ್ತದೆ. 5ಜಿ ಹೆಡರ್ ಮತ್ತು ಐಪಿಸೆಕ್ ಸೇರಿದರೆ 1,600 ದಾಟುವುದರಿಂದ ಎಲ್ಲ ಹಾಪ್‌ನಲ್ಲಿ ಕಡೇಪಕ್ಷ 1,700 ಇಡಿ, ಉಪಕರಣ ಒಪ್ಪಿದರೆ 9,000. ಪರೀಕ್ಷೆಗೆ 1,672 ಬೈಟ್‌ನ ಪಿಂಗ್ ಅನ್ನು ಒಡೆಯಬಾರದೆಂಬ ಗುರುತು ಹಾಕಿ ಸೈಟ್‌ನಿಂದ ಕೋರ್‌ಗೆ ಕಳಿಸಿ. ಲೀಸ್ ಲೈನ್ ಬದಲಿಸಲಾಗದ ಕಡೆ ಫೋನ್‌ನ ಎಂಟಿಯು ಇಳಿಸಿ. ಮೊಬೈಲ್ ಮಾನದಂಡ ರೂಪಿಸುವ 3ಜಿಪಿಪಿ ಸೂಚಿಸುವ 1,358 ಇದಕ್ಕೆಂದೇ ಇದೆ.

ಇನ್ನೊಂದು ಸೋರಿಕೆ ಇದಕ್ಕಿಂತ ಸೂಕ್ಷ್ಮ. ರೇಡಿಯೊ 200 ಎಂಬಿಪಿಎಸ್, ರೂಟರ್ ಪೋರ್ಟ್ 1 ಜಿಬಿಪಿಎಸ್. ಸರಾಸರಿ ಬಳಕೆ 60 ಶೇಕಡಾ ಎಂದು ಗ್ರಾಫ್ ಹೇಳುತ್ತದೆ, ಆದರೂ ಪ್ಯಾಕೆಟ್ ಬೀಳುತ್ತಿರುತ್ತವೆ. ಕೆಲವು ಮಿಲಿಸೆಕೆಂಡ್‌ನ ಸ್ಫೋಟಗಳು ರೇಡಿಯೊದ ಸಣ್ಣ ಬಫರ್ ತುಂಬಿಸಿ ಚೆಲ್ಲುತ್ತವೆ. ಮಾಡಬೇಕಾದ್ದು ಅಪ್‌ಗ್ರೇಡ್ ಅಲ್ಲ. ರೂಟರ್‌ನಲ್ಲೇ ರೇಡಿಯೊದ ನಿಜವಾದ ವೇಗಕ್ಕೆ ಶೇಪ್ ಮಾಡಿ (ಹರಿವನ್ನು ಅಷ್ಟಕ್ಕೇ ತಡೆದು ಬಿಡಿ), 50 ಮಿಲಿಸೆಕೆಂಡ್ ಹಿಡಿಯುವಷ್ಟು ಬಫರ್ ಕೊಡಿ. 200 ಎಂಬಿಪಿಎಸ್‌ಗೆ ಅದು 1.25 ಮೆಗಾಬೈಟ್. ಮಳೆಯಲ್ಲಿ ಮಾಡ್ಯುಲೇಷನ್ ಇಳಿದಾಗ ರೇಡಿಯೊ ತನ್ನ ಹೊಸ ವೇಗವನ್ನು ರೂಟರ್‌ಗೆ ತಿಳಿಸುವ ಸಂದೇಶದ ಸೌಲಭ್ಯ ಎರಡರಲ್ಲೂ ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ರೇಡಿಯೊದಲ್ಲೂ ಕ್ಯೂ ಕ್ರಮ ಹಾಕಿ: ಮೊದಲು ಪಿಟಿಪಿ, ಆಮೇಲೆ ಸಿಗ್ನಲಿಂಗ್, ಧ್ವನಿ, ಕೊನೆಗೆ ಇಂಟರ್‌ನೆಟ್. ಈ ಕ್ರಮ ಸರಿಯಿರುವ ಲಿಂಕ್ ಅನ್ನು 75 ಶೇಕಡಾವರೆಗೆ ಧೈರ್ಯದಿಂದ ಓಡಿಸಬಹುದು. ಕ್ರಮ ಇಲ್ಲದ ಕಡೆ 45ಕ್ಕೇ ಅಪ್‌ಗ್ರೇಡ್ ಕೇಳಬೇಕಾಗುತ್ತದೆ.

ವಿಡಿಯೊ ಸಂಗ್ರಹಿಸಿಡುವ ಕ್ಯಾಶ್ ಸರ್ವರ್‌ಗಳ ಬಗ್ಗೆ ಒಂದೇ ಮಾತು. ಹುಬ್ಬಳ್ಳಿಯಲ್ಲಿ ಯುಪಿಎಫ್ (ಡೇಟಾ ಇಂಟರ್‌ನೆಟ್‌ಗೆ ಹೊರಬೀಳುವ 5ಜಿ ಘಟಕ) ಮತ್ತು ಕ್ಯಾಶ್ ಇಟ್ಟರೆ ಹುಬ್ಬಳ್ಳಿ–ಬೆಂಗಳೂರು ಮಾರ್ಗದ ಹೊರೆ ಇಳಿಯುತ್ತದೆ, ಸೈಟ್‌ನ ಹಾಪ್‌ಗಳದ್ದು ಒಂದು ಬಿಟ್ ಕೂಡ ಇಳಿಯುವುದಿಲ್ಲ. ಉಳಿತಾಯವನ್ನು ಸರಿಯಾದ ಖಾತೆಗೆ ಬರೆಯಿರಿ.

ಎಲ್ಲಿ ಭದ್ರತೆ ಬೇಕು, ಎಲ್ಲಿ ಬೇಡ

ತುದಿಯ ಒಂಟಿ ಸೈಟ್‌ಗೆ 1+1 (ಒಂದಕ್ಕೆ ಒಂದು ಮೀಸಲು) ರೇಡಿಯೊ ಹಾಕುವುದು ದುಡ್ಡು ದಂಡ. ಎರಡೂ ರೇಡಿಯೊ ಒಂದೇ ಡಿಶ್, ಒಂದೇ ಗಾಳಿ, ಒಂದೇ ಮಳೆಯಲ್ಲಿವೆ. ಬೋರ್ಡ್ ಕೆಟ್ಟರೆ ಮಾತ್ರ ಉಪಯೋಗ. ತುದಿ ಸೈಟ್‌ಗಳಿಗೆ 1+0 ಇಟ್ಟು, ಜಿಲ್ಲಾ ಸ್ಟೋರ್‌ನಲ್ಲಿ ಪ್ರತಿ ಬ್ಯಾಂಡ್‌ನ ಹೈ ಮತ್ತು ಲೋ ರೇಡಿಯೊ ಒಂದೊಂದು ಮೀಸಲಿಡಿ. ಹಬ್‌ಗಳ ನಡುವೆ ಮಾತ್ರ ರಿಂಗ್ ಕಟ್ಟಿ, ರಿಂಗ್ ಕಾಯುವ ಜಿ.8032 ಹಾಕಿ, 50 ಮಿಲಿಸೆಕೆಂಡ್‌ನಲ್ಲಿ ದಾರಿ ಬದಲಾಗುತ್ತದೆ. ರಿಂಗ್‌ನ ಎರಡನೇ ಬದಿ ಮೊದಲನೆಯದರಷ್ಟೇ ದಪ್ಪ ಇರಬೇಕಿಲ್ಲ.

ಸೈಟ್ ಕೆಲಸ ಮತ್ತು ಒಪ್ಪಿಗೆ ಪರೀಕ್ಷೆ

ಪ್ಲಾನ್‌ನಲ್ಲಿ ಉಳಿಸಿದ್ದನ್ನು ಕಳಪೆ ಕೆಲಸ ತಿಂದುಹಾಕುತ್ತದೆ. ಜುಲೈನಲ್ಲಿ ಬೆಟ್ಟದ ಸೈಟ್‌ಗೆ ರಿಗ್ಗರ್‌ನನ್ನು ಒಮ್ಮೆ ಕಳಿಸುವ ಖರ್ಚಿಗೆ ಹಲವು ಸೈಟ್‌ನ ಬ್ಯುಟೈಲ್ ಟೇಪ್ ಬರುತ್ತದೆ. ಪೂರ್ತಿ ಹೊರಾಂಗಣ ರೇಡಿಯೊ ಒಳಗಿನ ಘಟಕ, ಅದರ ರ‍್ಯಾಕ್, ವಿದ್ಯುತ್ ಎಲ್ಲವನ್ನೂ ಉಳಿಸುತ್ತದೆ, ಆದರೆ ಅದರ ಪ್ರಾಣ ಕೇಬಲ್ ಗ್ಲ್ಯಾಂಡ್‌ನಲ್ಲಿದೆ. ಗ್ಲ್ಯಾಂಡ್ ಕೆಳಮುಖವಾಗಿರಲಿ, ಅದಕ್ಕೂ ಕೆಳಗೆ ಕೇಬಲ್ ಒಮ್ಮೆ ಜೋತು ಮತ್ತೆ ಮೇಲೇರಲಿ. ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಕನೆಕ್ಟರ್‌ಗೆ ಮೊದಲು ಒಂದು ಸುತ್ತು ಪಿವಿಸಿ ಟೇಪ್, ಮೇಲೆ ಬ್ಯುಟೈಲ್, ಮತ್ತೆ ಬಿಸಿಲು ತಡೆಯುವ ಕಪ್ಪು ಟೇಪ್. ಹೊರ ಪದರವನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಹೆಂಚು ಹೊದಿಸಿದ ಹಾಗೆ ಮೇಲಿನ ಸುತ್ತು ಕೆಳಗಿನದರ ಮೇಲೆ ಬರಬೇಕು. ತಿರುವುಮುರುವಾದರೆ ಪ್ರತಿ ಸುತ್ತಿನ ಅಂಚೂ ನೀರು ಹಿಡಿಯುವ ಬಟ್ಟಲು.

ಅಲೈನ್‌ಮೆಂಟ್ ಮುಗಿದಾಗ ಆರ್‌ಎಸ್‌ಎಲ್ (ಮುಟ್ಟುವ ಸಿಗ್ನಲ್ ಮಟ್ಟ) ಲೆಕ್ಕ ಹಾಕಿದ ಅಂಕಿಯಿಂದ 2-3 ಡಿಬಿ ಒಳಗಿರಬೇಕು. ಲೆಕ್ಕಕ್ಕಿಂತ 20 ಡಿಬಿ ಅಥವಾ ಇನ್ನೂ ಕೆಳಗಿದ್ದು ಲಿಂಕ್ ಎದ್ದಿದ್ದರೆ ಡಿಶ್ ಸೈಡ್‌ಲೋಬ್ (ಪಕ್ಕದ ದುರ್ಬಲ ಕಿರಣ) ಮೇಲೆ ಕೂತಿದೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಓಡುತ್ತದೆ, ಮೊದಲ ಮಳೆಗೆ ಬೀಳುತ್ತದೆ. ಎರಡೂ ಅಕ್ಷದಲ್ಲಿ ಪೂರ್ತಿ ಗುಡಿಸಿ, ಮೂರು ಶಿಖರಗಳನ್ನು ನೋಡಿ, ನಡುವಿನದರಲ್ಲಿ ಬೋಲ್ಟ್ ಬಿಗಿಯಿರಿ.

ಲೀಸ್ ಲೈನ್ ಒಪ್ಪಿಕೊಳ್ಳುವಾಗ ವೈ.1564 (ಈಥರ್ನೆಟ್ ಸೇವೆಯ) ಪರೀಕ್ಷೆ ಮಾಡಿ, 64ರಿಂದ 1,700 ಬೈಟ್‌ವರೆಗೆ ಬೇರೆ ಬೇರೆ ಗಾತ್ರದಲ್ಲಿ. ಒಪ್ಪಂದದ 100 ಎಂಬಿಪಿಎಸ್ ಅನ್ನು ತಂತಿಯ ಮೇಲೆ ಅಳೆಯುತ್ತಾರೋ ಫ್ರೇಮ್‌ನಲ್ಲೋ ಎಂಬುದು ಬರಹದಲ್ಲಿರಲಿ: 64 ಬೈಟ್ ಫ್ರೇಮ್ ತಂತಿಯ ಮೇಲೆ 84 ಬೈಟ್ ಜಾಗ ತಿನ್ನುವುದರಿಂದ 100 ಎಂದದ್ದು 76ಕ್ಕೆ ಇಳಿಯಬಹುದು. ಖಾತರಿ ವೇಗವನ್ನು ಧ್ವನಿ, ಸಿಗ್ನಲಿಂಗ್ ಮತ್ತು ಬಿಡುವಿಲ್ಲದ ಹೊತ್ತಿನ ಸರಾಸರಿಗೆ ಮಾತ್ರ ಕೊಂಡು, ಅದರ ಮೇಲಿನದ್ದನ್ನು ಖಾತರಿಯಿಲ್ಲದ ಅಗ್ಗದ ದರದಲ್ಲಿ ಕೇಳಿ. ಫೈಬರ್ ಪೂರೈಕೆದಾರನ ಜಾಲದಲ್ಲಿ ಖಾಲಿ ಜಾಗ ಹೇಗೂ ಇರುತ್ತದೆ, ಹೆಚ್ಚಿನವರು ಒಪ್ಪುತ್ತಾರೆ.

ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಕೊನೆಗೆ, ಎಲ್ಲ ಹಾಪ್‌ಗಳ ಕನಿಷ್ಠ ಆರ್‌ಎಸ್‌ಎಲ್ ಮತ್ತು ಪ್ರತಿ ಮಾಡ್ಯುಲೇಷನ್‌ನಲ್ಲಿ ಕಳೆದ ನಿಮಿಷಗಳ ಕೌಂಟರ್ ತೆಗೆಯಿರಿ. ಒಮ್ಮೆಯೂ 256 ಕ್ಯಾಮ್‌ಗಿಂತ ಕೆಳಗಿಳಿಯದ ಹಾಪ್‌ಗಳಲ್ಲಿ ಡಿಶ್ ಅಗತ್ಯಕ್ಕಿಂತ ದೊಡ್ಡದಿದೆ. ಟವರ್ ಬಾಡಿಗೆ ನವೀಕರಣಕ್ಕೆ ಮುನ್ನ ಅವನ್ನು ಸಣ್ಣದಕ್ಕೆ ಬದಲಿಸುವ ಪಟ್ಟಿಗೆ ಸೇರಿಸಿ, ತೆಗೆದ ದೊಡ್ಡ ಡಿಶ್‌ಗಳನ್ನು ಕ್ಯೂಪಿಎಸ್‌ಕೆಯಲ್ಲಿ ಗಂಟೆಗಟ್ಟಲೆ ಕಳೆದ ಹಾಪ್‌ಗಳಿಗೆ ಕಳಿಸಿ.